ಪ್ರೋಗ್ರಾಮಿಗೂ ಮನೆ ಕೇಳುತ್ತಿದ್ದ ಭಾವ

ಆಂಬುಲೆನ್ಸಿನಲ್ಲಿ ಮಲಗಿಸಿಕೊಂಡು ಮಂಗಳೂರಿಗೆ ಹೋಗುವಾಗ ಭಾವ ಡ್ರೈವರನ ಹತ್ತಿರ ಮನೆ ಎಲ್ಲಿ ಎಂದು ಕೇಳಿದರಂತೆ. ಅವನು ಕಡಬ ಎಂದ. ಕಡಬದಲ್ಲಿ ಎಲ್ಲಿ ಎಂದು ಕೇಳಿದರಂತೆ. ಅವನು ಹೇಳುವಷ್ಟರಲ್ಲಿ ಇವರ ಮಾತು ನಿಂತಿತ್ತು. ಇದನ್ನು ನನಗೆ ಹೇಳಿದ್ದು ಅವರ ಹೆಂಡತಿ. ಅಳುತ್ತಾ ಶುರು ಮಾಡಿದವರು ನಗುತ್ತಾ ಮುಗಿಸಿದರು. ಉತ್ತರಕ್ರಿಯೆಯ ದಿನ ಬೊಜ್ಜದ ಊಟಕ್ಕೆ ಆ ಡ್ರೈವರೂ ಬಂದಿದ್ದ. ಊಟಕ್ಕೆ ಕೂರುವ ಮೊದಲು ಭಾವನ ಫೋಟೋದ ಎದುರು ನಿಂತು, ಕಡಬದಲ್ಲಿ ತನ್ನ ಮನೆ ಯಾವ ತೋಡು ದಾಟಿ ಯಾವ ಕಡೆಗೆ, ಅಜ್ಜನ ಹೆಸರು ಎಂತ, ಎಲ್ಲ ಪೂರ್ತಿ ಹೇಳಿದ. ಕೇಳಿದ್ದಕ್ಕೆ ಉತ್ತರ ಕೊಡದೆ ಕಳಿಸಿದ್ದು ಅವನಿಗೆ ಮನಸ್ಸಿಗೆ ಹಿಡಿಸಿರಲಿಲ್ಲವಂತೆ.

ಭಾವ ಎಂದರೆ ನನ್ನ ಭಾವ ಅಲ್ಲ. ಪುತ್ತೂರಿನಲ್ಲಿ ಗೊಬ್ಬರದ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ನಮ್ಮದೊಂದು ಸಣ್ಣ ಆಫೀಸು. ಹಾಲಿನ ಸೊಸೈಟಿಗಳಿಗೆ ಕಂಪ್ಯೂಟರ್ ಪ್ರೋಗ್ರಾಮ್ ಮಾಡಿಕೊಡುವುದು ನಮ್ಮ ಕೆಲಸ. ಬೆಳಿಗ್ಗೆ ಜನ ಹಾಲು ತಂದು ಸುರಿದಾಗ ತೂಕ ನೋಡಿ, ಫ್ಯಾಟು ನೋಡಿ, ಚೀಟಿ ಮುದ್ರಿಸಿ ಕೊಡುವ ಪೆಟ್ಟಿಗೆಯೊಂದು ಪ್ರತಿ ಸೊಸೈಟಿಯ ಮೇಜಿನ ಮೇಲೆ ಇರುತ್ತದಲ್ಲ, ಅದರೊಳಗಿನ ಬುದ್ಧಿ ನಮ್ಮದು. ಬುದ್ಧಿ ಎಂದು ನಾವು ಹೇಳುವುದು. ಸೊಸೈಟಿಯವರು ಬೇರೆ ಏನೇನೋ ಹೇಳುತ್ತಾರೆ. ಆ ಆಫೀಸಿನ ಧಣಿಯ ಅಕ್ಕನ ಗಂಡ ಇವರು. ಧಣಿ ಭಾವ ಎಂದು ಕರೆಯುತ್ತಿದ್ದರೆಂದು ನಾವೂ ಕರೆದೆವು, ಚಾ ತರುವವನೂ ಕರೆದ, ಕೊನೆಗೆ ಕರೆಂಟಿನ ಮೀಟರ್ ಓದಲು ಬರುವವನೂ ಭಾವ ಇಲ್ವಾ ಎಂದೇ ಕೇಳುತ್ತಿದ್ದ. ನಿಜವಾದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಮನೆಯ ಹೆಸರಂತೂ ಬರೆಯಲೇಬಾರದು, ಬರೆದರೆ ಪುತ್ತೂರಿನ ಅರ್ಧ ಜನಕ್ಕೆ ಯಾರೆಂದು ಗೊತ್ತಾಗಿ ಉಳಿದರ್ಧ ಜನಕ್ಕೆ ಅವರು ಹೇಳುತ್ತಾರೆ.

ಕೆಲಸ ಕೇಳಿಕೊಂಡು ನಾನು ಹೋದ ದಿನ ಇಂಟರ್‌ವ್ಯೂ ಮಾಡಿದ್ದು ಅವರೇ. ಕನ್ನಡಕವನ್ನು ಹಣೆಗೆ ಏರಿಸಿಕೊಂಡು ಕೂತಿದ್ದರು. ಅದು ಕಣ್ಣಿಗೆ ಇಳಿಯುತ್ತಿದ್ದದ್ದು ಓದಲಿಕ್ಕೆ ಮಾತ್ರ, ಓದುವುದು ಕಮ್ಮಿ, ಮಾತು ಜಾಸ್ತಿ. ನಾನು ಓದಿದ್ದು ಎಂತ, ಯಾವ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯಲು ಬರುತ್ತದೆ, ಒಂದೂ ಕೇಳಲಿಲ್ಲ. ಮನೆ ಎಲ್ಲಿ ಎಂದರು. ಸವಣೂರು ಎಂದೆ. ಸವಣೂರಲ್ಲಿ ಎಲ್ಲಿ ಎಂದರು. ಹೇಳಿದೆ. ಅಮ್ಮನ ತವರು ಎಲ್ಲಾಯಿತು ಎಂದರು. ಹೀಗೆ ಹೋಗಿ ಹೋಗಿ, ನನ್ನ ದೊಡ್ಡಮ್ಮನ ಗಂಡನ ತಮ್ಮ ಒಂದು ಕಾಲದಲ್ಲಿ ಇವರ ಸೋದರಮಾವನಿಗೆ ಒಂದು ಜರ್ಸಿ ದನ ಮಾರಿದ್ದರು, ಆ ದನ ಒದೆಯುತ್ತಿತ್ತು ಎಂಬಲ್ಲಿಗೆ ಮುಟ್ಟಿತು. ದನ ಒದ್ದದ್ದಕ್ಕೆ ನಾನು ಕ್ಷಮೆ ಕೇಳಬೇಕೋ ಏನೋ ಎಂದು ನಾನು ಯೋಚಿಸುತ್ತಿರುವಾಗ ಅವರು ಧಣಿಯ ಕೋಣೆಯ ಕಡೆಗೆ ತಿರುಗಿ, ಹುಡುಗಿ ಆಗಬಹುದು, ಗೊತ್ತಿದ್ದವರೇ ಎಂದು ಕೂಗಿದರು. ನನಗೆ ಕೆಲಸ ಸಿಕ್ಕಿದ್ದು ಹಾಗೆ. ನನ್ನ ಎಂಜಿನಿಯರಿಂಗ್ ಸರ್ಟಿಫಿಕೇಟು ಇವತ್ತಿಗೂ ಯಾರೂ ನೋಡಿಲ್ಲ.

ಮೊದಲು ಅವರು ಟೈಪಿಂಗ್ ಕಲಿಸುತ್ತಿದ್ದವರು, ಟೈಪಿಂಗ್ ಹೋಗಿ ಕಂಪ್ಯೂಟರ್ ಬಂದಾಗ ಕಂಪ್ಯೂಟರ್ ಕಲಿಸಿದರು. ಪುತ್ತೂರು ತಾಲೂಕಿನಲ್ಲಿ ಹತ್ತು ಬೆರಳಿನಲ್ಲಿ ಟೈಪ್ ಮಾಡುವ ಗುಮಾಸ್ತರೆಲ್ಲ ಅವರ ಶಿಷ್ಯರೇ, ಅವರು ಮಾತ್ರ ಎರಡೇ ಬೆರಳಿನಲ್ಲಿ ಕುಟ್ಟುತ್ತಿದ್ದರು. ಯಾಕೆ ಭಾವ ಎಂದರೆ, ಕಲಿಸುವವನಿಗೆ ಬಾಯಿ ಸಾಕು ಎನ್ನುತ್ತಿದ್ದರು. ಯಾವ ವಿಷಯದಲ್ಲೂ ಗೊತ್ತಿಲ್ಲ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ಗೊತ್ತಿಲ್ಲದಿದ್ದರೆ, ಅದು ಹಾಗಲ್ಲ ಮಾರಾಯ್ತಿ, ಎಂದು ಶುರು ಮಾಡಿ ಮಾತಾಡುತ್ತಾ ಮಾತಾಡುತ್ತಾ ಗೊತ್ತು ಮಾಡಿಕೊಳ್ಳುತ್ತಿದ್ದರು. ಅಷ್ಟರಲ್ಲಿ ನನ್ನ ತಲೆ ಚಿಟ್ಟು ಹಿಡಿದಿರುತ್ತಿತ್ತು.

ಮನೆ ಕೇಳುವ ಚಾಳಿಯ ಬಗ್ಗೆ ನಾನು ಒಮ್ಮೆ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದುಂಟು. ನಮ್ಮ ಕಡೆಯಲ್ಲಿ ಮನೆ ಎಲ್ಲಿ, ಯಾರ ಪೈಕಿ ಎಂದು ಕೇಳುವುದರ ಹಿಂದೆ ಎಷ್ಟೋ ಸಲ ಜಾತಿ ತಿಳಿದುಕೊಳ್ಳುವ ಉಪಾಯ ಇರುತ್ತದೆ, ಅದು ಎಲ್ಲರಿಗೂ ಗೊತ್ತು, ನಿಮ್ಮದೂ ಅದೇ ಅಲ್ಲವಾ ಎಂದೆ. ಭಾವ ಮುಖ ಸಣ್ಣ ಮಾಡಿಕೊಂಡರು. ಎರಡು ದಿನ ಆಫೀಸಿಗೆ ಬಂದವರ ಹತ್ತಿರ ಏನೂ ಕೇಳದೆ ಹಲ್ಲುಕಚ್ಚಿ ಕೂತರು. ಪಾರ್ಸೆಲ್ ತಂದ ಹೊಸ ಹುಡುಗ ಬಂದು ಹೋದ ಮೇಲೆ ತಡೆಯಲಾಗದೆ ಮೆಟ್ಟಿಲಿಳಿದು ಅವನ ಹಿಂದೆ ಓಡಿದರು. ತಿರುಗಿ ಬಂದು, ಏದುಸಿರು ಬಿಡುತ್ತಾ, ನನಗೆ ಉತ್ತರ ಕೊಟ್ಟರು. "ಜಾತಿ ಕೇಳಿದ್ರೆ ಮಾತು ಅಲ್ಲಿಗೇ ಮುಗೀತದೆ. ಮನೆ ಕೇಳಿದ್ರೆ ಶುರುವಾಗ್ತದೆ. ಅವ ಕಬಕದವ, ನಮ್ಮ ಹಿಂದಿನ ಮನೆ ಬ್ಯಾರಿಯ ಮೊಮ್ಮಗ, ಗೊತ್ತುಂಟಾ?" ಆ ಉತ್ತರವನ್ನು ನಾನು ಪೂರ್ತಿ ಒಪ್ಪಿದವಳಲ್ಲ. ಆದರೆ ಆ ಹುಡುಗ ಆಮೇಲೆ, ಹಿಂದಿನವರ ಹಾಗೆ ನಮ್ಮ ಪಾರ್ಸೆಲ್ಲನ್ನು ಕೆಳಗಿನ ಗೊಬ್ಬರದ ಅಂಗಡಿಯಲ್ಲಿ ಬಿಸಾಡಿ ಹೋಗದೆ, ಮೇಲೆ ಬಂದು ಕೊಟ್ಟು ಹೋಗುತ್ತಿದ್ದ.

ಇನ್ನು ಅಸಲು ಸಂಗತಿಗೆ ಬರುತ್ತೇನೆ.

ಪ್ರೋಗ್ರಾಮ್ ಎನ್ನುವುದು ಒಮ್ಮೊಮ್ಮೆ ನಡುದಾರಿಯಲ್ಲಿ ಕೈಕೊಟ್ಟು ಬಿದ್ದುಬಿಡುತ್ತದೆ. ಬೀಳುವಾಗ, ಆ ಹೊತ್ತಿಗೆ ತನ್ನ ಹೊಟ್ಟೆಯಲ್ಲಿ ಏನೇನಿತ್ತೋ ಅದನ್ನೆಲ್ಲ ಒಂದು ಫೈಲಿಗೆ ಸುರಿದು ಸಾಯುತ್ತದೆ. ಕೋರ್ ಡಂಪ್ ಎಂದು ಅದರ ಹೆಸರು. ಭಾವ ಅದಕ್ಕೆ ಹೆಣ ಎನ್ನುತ್ತಿದ್ದರು, ಅದನ್ನು ಬಿಚ್ಚಿ ನೋಡುವುದಕ್ಕೆ ಮಹಜರು ಎನ್ನುತ್ತಿದ್ದರು. ಕೆಳಗೆ ಗೊಬ್ಬರ ಕೊಳ್ಳಲು ಬಂದವರಿಗೆ, ಮೇಲಿನಿಂದ, ಕಡಬದಿಂದ ಇನ್ನೊಂದು ಹೆಣ ಬಂತು, ಮಹಜರು ಮಾಡ್ಬೇಕು, ಎಂಬ ಮಾತು ಕೇಳಿಸುತ್ತಿತ್ತು. ಹೊಸಬರು ಗೊಬ್ಬರ ಬಿಟ್ಟು ಹೊರಡುತ್ತಿದ್ದರು.

ಕಡಬದ ಕಡೆಯ ಒಂದು ಸೊಸೈಟಿಯಿಂದ ಬಂದ ಅಂಥ ಹೆಣದ ಮುಂದೆ ನಾವು ಒಂದು ವಾರ ಕೂತದ್ದುಂಟು. ಫೈಲಿನ ಹೆಸರಿನಲ್ಲಿ ಹೊಸ ವರ್ಷನ್ ಎಂದೇ ಇತ್ತು. ಹೊಸ ವರ್ಷನ್ನಿನಲ್ಲಿ ಎಷ್ಟು ಹುಡುಕಿದರೂ ತಪ್ಪಿಲ್ಲ. ಕೊನೆಗೆ ನೋಡಿದರೆ ಅಲ್ಲಿನವರು ಯಾರೋ ಹಳೆಯ ಪ್ರೋಗ್ರಾಮನ್ನೇ ಹೊಸ ಹೆಸರಿಟ್ಟು ಹಾಕಿಕೊಂಡಿದ್ದರು. ಆವತ್ತು ಭಾವನಿಗೆ ಬಂದ ಸಿಟ್ಟನ್ನು ನೋಡಬೇಕಿತ್ತು. ದಾರಿಯಲ್ಲಿ ಬಿದ್ದು ಸತ್ತವನ ಜೇಬಿನಲ್ಲಾದರೂ ಒಂದು ಆಧಾರ್ ಕಾರ್ಡು ಇರುತ್ತದೆ, ನಮ್ಮ ಪ್ರೋಗ್ರಾಮಿಗೆ ಅದೂ ಇಲ್ಲ, ಇದು ಯಾವ ಸೀಮೆಯ ಮರ್ಯಾದೆ ಎಂದು ಕೂಗಾಡಿದರು. ಫೈಲಿನ ಹೆಸರಿನಲ್ಲಿ ವರ್ಷನ್ ಉಂಟಲ್ಲ ಭಾವ ಎಂದೆ. "ಫೈಲಿನ ಹೆಸರು ಅಂದ್ರೆ ಅಂಗಿ ಮಾರಾಯ್ತಿ. ಅಂಗಿ ಯಾರದ್ದೂ ಹಾಕಿಕೊಳ್ಬಹುದು. ಹೊಟ್ಟೆಯೊಳಗೆ ಬರೀಬೇಕು."

ಹೊಟ್ಟೆಯೊಳಗೆ ಬರೆಯುವುದು ಅವರು ಕಂಡುಹಿಡಿದದ್ದೇನಲ್ಲ. ದೊಡ್ಡ ದೊಡ್ಡವರು ಮಾಡುತ್ತಿದ್ದಾರೆ ಎಂದು ಎಲ್ಲೋ ಓದಿದ್ದರು. ನಾವು ಬರೆದ ಪ್ರೋಗ್ರಾಮನ್ನು ಕಂಪ್ಯೂಟರಿಗೆ ತಿಳಿಯುವ ಬೈನರಿಯಾಗಿ ಕಟ್ಟುತ್ತೇವಲ್ಲ, ಆಗಲೇ ಅದರೊಳಗೆ ನಾಲ್ಕೈದು ಸಾಲಿನ ಒಂದು ಟಿಪ್ಪಣಿ ಸೇರಿಸಿಬಿಡುವುದು: ಈ ಪ್ಯಾಕೇಜಿನ ಹೆಸರು ಇಂಥದ್ದು, ವರ್ಷನ್ ಇಷ್ಟನೆಯದು, ಇಂಥ ಸಿಸ್ಟಮಿನಲ್ಲಿ ಕಟ್ಟಿದ್ದು. ಆಮೇಲೆ ಫೈಲಿಗೆ ಯಾರು ಏನು ಹೆಸರಿಟ್ಟರೂ ಒಳಗಿನ ಟಿಪ್ಪಣಿ ಅಲುಗುವುದಿಲ್ಲ. ಪ್ರೋಗ್ರಾಮ್ ಬಿದ್ದಾಗ ಆ ಟಿಪ್ಪಣಿಯೂ ಹೆಣದ ಜೊತೆಗೆ ಬರುತ್ತದೆ. ಒಂದು ಪ್ರೋಗ್ರಾಮಿನಲ್ಲಿ ಹತ್ತು ತುಂಡುಗಳು ಸೇರಿದ್ದರೆ ಹತ್ತಕ್ಕೂ ಅದರದರ ಟಿಪ್ಪಣಿ. ಬಿದ್ದದ್ದು ಯಾವ ತುಂಡಿನೊಳಗೆ, ಆ ತುಂಡು ಯಾವ ವರ್ಷನ್ ಎಂದು ಹುಡುಕಿಕೊಂಡು ಊರೂರು ಅಲೆಯಬೇಕಾಗಿಲ್ಲ.

ಧಣಿ ಮೊದಲು ಒಪ್ಪಲಿಲ್ಲ. ಬೈನರಿಯ ತೂಕ ಜಾಸ್ತಿಯಾಗುತ್ತದಾ ಎಂದು ಕೇಳಿದರು. ಒಂದು ಪೋಸ್ಟ್‌ಕಾರ್ಡಿನಲ್ಲಿ ಬರೆಯುವಷ್ಟೂ ಇಲ್ಲ ಎಂದ ಮೇಲೆ ಅವರಿಗೂ ಉಮೇದು ಬಂತು. ಹಾಗಾದರೆ ಅದರಲ್ಲಿ ಆಫೀಸಿನ ಫೋನ್ ನಂಬರು, ಧಣಿಯ ಹೆಸರು, ಶುಭ ಕೋರುವವರು ಎಂದು ಹಾಕಲಾಗುತ್ತದಾ ಎಂದರು. ಅದು ಟಿಪ್ಪಣಿ, ಬಸ್‌ಸ್ಟ್ಯಾಂಡಿನ ಫ್ಲೆಕ್ಸ್ ಅಲ್ಲ ಎಂದು ಭಾವ ಗದರಿಸಿದರು. ಅಕ್ಕನ ಗಂಡನಾದ್ದರಿಂದ ಧಣಿ ಸುಮ್ಮನಾದರು.

ಧಣಿಯನ್ನು ಗದರಿಸಿದ ಭಾವ ತಾವು ಮಾಡಿದ್ದೇನು? ಟಿಪ್ಪಣಿಗೆ ಇನ್ನೊಂದು ಸಾಲು ಸೇರಿಸಿದರು, ಮನೆ ಎಂದು. ಆ ತುಂಡನ್ನು ಯಾರು ಕಟ್ಟಿದರೋ ಅವರ ಮನೆಯ ಹೆಸರು ಅಲ್ಲಿ ಬರಬೇಕು. ಲೋಕದಲ್ಲಿ ಯಾರೂ ಹೀಗೆ ಮಾಡುವುದಿಲ್ಲ ಭಾವ, ಇದು ಕಂಪ್ಯೂಟರು, ಆಮಂತ್ರಣ ಪತ್ರಿಕೆ ಅಲ್ಲ ಎಂದು ನಾನು ಬಡಕೊಂಡೆ. ಮನೆ ಹೇಳಲು ಯಾರು ಹೆದರುತ್ತಾರೆ, ಏನಾದರೂ ಅಡಗಿಸಲಿಕ್ಕೆ ಇದ್ದವರು ಎಂದರು. ಹಾಗೆ ಸವಣೂರಿನ ನಮ್ಮ ಮನೆಯ ಹೆಸರು ಮೂರು ತಾಲೂಕಿನ ಹಾಲಿನ ಪೆಟ್ಟಿಗೆಗಳ ಹೊಟ್ಟೆ ಸೇರಿತು. ನನಗೆ ಮದುವೆಯಾದ ಮೇಲೆ ಹೊಸ ಪೀಕಲಾಟ ಶುರುವಾಯಿತು. ಈಗ ಯಾವ ಮನೆ ಹಾಕಬೇಕು? ಭಾವ ಒಂದು ದಿನ ಯೋಚನೆ ಮಾಡಿ, ಎರಡೂ ನಡೆಯುತ್ತದೆ, ನಿನ್ನ ಇಷ್ಟ ಎಂದು ತೀರ್ಪು ಕೊಟ್ಟರು. ನಾನು ಧೈರ್ಯವಿದ್ದ ತುಂಡುಗಳಿಗೆ ತವರಿನ ಹೆಸರು ಹಾಕಿದೆ, ಸ್ವಲ್ಪ ಸಂಶಯವಿದ್ದ ತುಂಡುಗಳಿಗೆ ಗಂಡನ ಮನೆಯ ಹೆಸರು ಹಾಕಿದೆ. ಅತ್ತೆಗೆ ಇದು ಗೊತ್ತಿಲ್ಲ.

ಹೊರಗಿನಿಂದ ತಂದ ಯಾವ ಪ್ಯಾಕೇಜನ್ನೂ ಭಾವ ಮಹಜರಿಲ್ಲದೆ ಒಳಗೆ ಬಿಡುತ್ತಿರಲಿಲ್ಲ. ಜರ್ಮನಿಯವನೊಬ್ಬ ಬರೆದು ಲೋಕಕ್ಕೆಲ್ಲ ಧರ್ಮಕ್ಕೆ ಕೊಟ್ಟ ಒಂದು ಲೈಬ್ರರಿಯಲ್ಲಿ ಟಿಪ್ಪಣಿ ಇರಲಿಲ್ಲವೆಂದು ಅವನಿಗೆ ಇಮೇಲ್ ಹಾಕಿ, ಟಿಪ್ಪಣಿಯ ಮಹತ್ವ ವಿವರಿಸಿ, ಕೊನೆಗೆ ಮನೆ ಯಾವ ಊರಿನಲ್ಲಿ ಎಂದು ಕೇಳಿದರು. ಅವನು ಪಾಪ, ಊರಿನ ಹೆಸರು ಬರೆದು, ಹತ್ತಿರದ ಹೊಳೆಯ ಹೆಸರನ್ನೂ ಬರೆದ. ಭಾವ ಆ ಇಮೇಲನ್ನು ಒಂದು ತಿಂಗಳು ಬಂದವರಿಗೆಲ್ಲ ತೋರಿಸಿದರು.

ಆಲೆಟ್ಟಿಯ ಕತೆ ಆದದ್ದು ಈ ಉಮೇದಿನ ಕಾಲದಲ್ಲೇ. ಸುಳ್ಯದಾಚೆ ಆಲೆಟ್ಟಿಯ ಸೊಸೈಟಿಯಲ್ಲಿ ಹಳೆಯ ಕಾರ್ಯದರ್ಶಿ ನಿವೃತ್ತರಾಗಿ, ಬಿ.ಕಾಂ. ಓದಿದ ಒಬ್ಬಳು ಹುಡುಗಿ ಆ ಕೆಲಸಕ್ಕೆ ಬಂದಿದ್ದಳು. ಸುಳ್ಯದ ಬಟ್ಟೆ ಅಂಗಡಿಯ ಲೆಕ್ಕದ ಕೆಲಸ ಬಿಟ್ಟು ಬಂದವಳು. ಅವಳು ಬಂದು ಸ್ವಲ್ಪ ದಿನಕ್ಕೆ ಅಲ್ಲಿನ ನಮ್ಮ ಪೆಟ್ಟಿಗೆ ಬೀಳತೊಡಗಿತು. ದಿನ ಬೆಳಿಗ್ಗೆ, ಅರ್ಧ ಜನ ಹಾಲು ಕೊಟ್ಟಾಗುವ ಹೊತ್ತಿಗೆ. ಕ್ಯಾನು ಹಿಡಿದುಕೊಂಡು ನಿಂತವರು ಸುಮ್ಮನೆ ಇರುತ್ತಾರಾ? ಹಳೆಯವರು ಇದ್ದಾಗ ಎಲ್ಲ ಸರಿ ಇತ್ತು, ಈ ಹುಡುಗಿಯ ಕೈಗುಣ ಸರಿ ಇಲ್ಲ ಎಂದು ಒಬ್ಬರು ಶುರು ಮಾಡಿದರು, ಉಳಿದವರು ಮುಂದುವರಿಸಿದರು. ಅವಳು ನನಗೆ ಫೋನ್ ಮಾಡುತ್ತಿದ್ದಳು. ಮೊದಮೊದಲು, ಅಕ್ಕ, ಪ್ರೋಗ್ರಾಮ್ ನಿಂತಿತು ಎನ್ನುತ್ತಿದ್ದವಳು ಆಮೇಲೆ ಬರೀ, ಅಕ್ಕ, ಇವತ್ತೂ, ಎನ್ನುತ್ತಿದ್ದಳು.

ನಾವು ಪುತ್ತೂರಿನಲ್ಲಿ ಅದೇ ವರ್ಷನ್ನನ್ನು ಓಡಿಸಿ ನೋಡಿದೆವು. ಆಲೆಟ್ಟಿಯ ಸದಸ್ಯರ ಪಟ್ಟಿಯನ್ನೇ ತರಿಸಿ ಹಾಕಿ ನೋಡಿದೆವು. ಕಲ್ಲಿನ ಹಾಗೆ ನಿಂತಿತ್ತು, ಬೀಳಲೇ ಇಲ್ಲ. ಅಲ್ಲಿ ಇಂಟರ್‌ನೆಟ್ ಸರಿ ಇಲ್ಲದ ಕಾರಣ ಹೆಣ ನಮ್ಮಲ್ಲಿಗೆ ಬರುತ್ತಿರಲಿಲ್ಲ. ಹೋಗಿ ನೋಡುವ ಭಾವ ಎಂದರೆ, ಮಳೆ ಕಳೆಯಲಿ ಎನ್ನುತ್ತಿದ್ದರು. ಅಷ್ಟರಲ್ಲಿ ಸೊಸೈಟಿಯ ಅಧ್ಯಕ್ಷರು ಫೋನ್ ಮಾಡಿ ವಿಚಾರಿಸಿದರು. ಭಾವ ಎಂದಿನ ಗತ್ತಿನಲ್ಲಿ, ನಮ್ಮ ಕಡೆಯಿಂದ ಎಲ್ಲ ಸರಿ ಉಂಟು, ಒತ್ತುವವರು ಎಂತ ಒತ್ತುತ್ತಾರೋ ನಮಗೆ ಹೇಗೆ ಗೊತ್ತಾಗುದು ಎಂದುಬಿಟ್ಟರು. ಆ ಒಂದು ಮಾತು ಆಲೆಟ್ಟಿ ಪೂರ್ತಿ ಸುತ್ತಿತು. ಕೈಗುಣ ಎಂದು ಹೇಳುತ್ತಿದ್ದವರಿಗೆ ಪುತ್ತೂರಿನಿಂದ ಸಾಕ್ಷಿ ಸಿಕ್ಕಿದ ಹಾಗಾಯಿತು. ಮುಂದಿನ ಆದಿತ್ಯವಾರ ಕಮಿಟಿಯ ಮೀಟಿಂಗು, ಅವಳನ್ನು ಇಟ್ಟುಕೊಳ್ಳುವುದೋ ಬಿಡುವುದೋ ಅಲ್ಲಿ ತೀರ್ಮಾನ, ನೀವೂ ಬನ್ನಿ ಎಂದು ನಮಗೆ ಕರೆ ಬಂತು.

ಭಾವನಿಗೆ ಖುಷಿಯೋ ಖುಷಿ. ಟಿಪ್ಪಣಿಯ ಮಹಿಮೆಯನ್ನು ಹತ್ತು ಜನರ ಎದುರು ತೋರಿಸುವ ಅವಕಾಶ ಅವರಿಗೆ ಅಲ್ಲಿವರೆಗೆ ಸಿಕ್ಕಿರಲಿಲ್ಲ. ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದರು. ಕಾರು ಬಿಟ್ಟವಳು ನಾನು, ಅವರಿಗೆ ಡ್ರೈವಿಂಗ್ ಬರುತ್ತಿರಲಿಲ್ಲ, ಬ್ರೇಕ್ ಎಲ್ಲಿ ಹಿಡಿಯಬೇಕೆಂದು ಹೇಳಲು ಮಾತ್ರ ಬರುತ್ತಿತ್ತು. ನನಗೆ ಅವರ ಮೇಲೆ ಸಿಟ್ಟು ಬಂದಿತ್ತು. ಆ ಹುಡುಗಿಯ ಕೆಲಸ ಹೋದರೆ ನಿಮ್ಮ ಬಾಯಿಯಿಂದಲೇ ಹೋದದ್ದು ಎಂದು ದಾರಿಯಲ್ಲಿ ಹೇಳಿದೆ. "ಹೋಗುದಿಲ್ಲ ಮಾರಾಯ್ತಿ. ಬಿದ್ದದ್ದು ಯಾರ ಮನೆಯ ತುಂಡು ಅಂತ ಅಲ್ಲೇ ಓದಿ ಹೇಳ್ತೇನೆ. ನಮ್ಮದಾದ್ರೆ ನಮ್ಮದು, ಅವಳದ್ದಾದ್ರೆ ಅವಳದ್ದು." ನಮ್ಮದಲ್ಲ ಎಂಬ ಬಗ್ಗೆ ಅವರಿಗೆ ಒಂದು ಚೂರೂ ಸಂಶಯವಿರಲಿಲ್ಲ.

ಸೊಸೈಟಿಯ ಕೋಣೆಯಲ್ಲಿ ಕಮಿಟಿಯವರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ಸದಸ್ಯರು ಕೆಲವರು ಕಿಟಕಿಯ ಹತ್ತಿರ ನಿಂತಿದ್ದರು. ಹುಡುಗಿ ಬಾಗಿಲ ಬಳಿ ನಿಂತಿದ್ದಳು. ಅವಳಿಗೆ ಕೂರು ಎಂದು ಯಾರೂ ಹೇಳಿದ ಹಾಗೆ ಕಾಣಲಿಲ್ಲ. ನನ್ನನ್ನು ಕಂಡು ಹತ್ತಿರ ಬಂದು ಮೆಲ್ಲಗೆ ಹೇಳಿದಳು. "ಅಕ್ಕ, ಬಟ್ಟೆ ಅಂಗಡಿಯಲ್ಲಿ ಬೇರೆ ಜನ ಆಗಿದೆಯಂತೆ. ಇದು ಹೋದ್ರೆ ನಂಗೆ ತಿರುಗಿ ಹೋಗ್ಲಿಕ್ಕೆ ಜಾಗ ಇಲ್ಲ." ಹೆದರಬೇಡ ಎಂದೆ, ನನಗೇ ಹೆದರಿಕೆಯಾಗಿತ್ತು.

ಭಾವ ಪೆಟ್ಟಿಗೆಯಿಂದ ಕೋರ್ ಡಂಪನ್ನು ಲ್ಯಾಪ್‌ಟಾಪಿಗೆ ಎಳೆದುಕೊಂಡು, ನೇರ ಓದದೆ, ಭಾಷಣ ಶುರು ಮಾಡಿದರು. ಪ್ರೋಗ್ರಾಮ್ ಹೇಗೆ ಸಾಯುತ್ತದೆ, ಹೆಣ ಎಂದರೆ ಎಂತ, ಜೇಬು ಎಂದರೆ ಎಂತ, ಅಂಗಿ ಎಂದರೆ ಎಂತ. ಆದಿತ್ಯವಾರ ಮಧ್ಯಾಹ್ನದ ಊಟ ಮಾಡಿ ಬಂದ ಕಮಿಟಿಯವರಲ್ಲಿ ಇಬ್ಬರ ಕಣ್ಣು ಮುಚ್ಚಿತ್ತು. ಅಧ್ಯಕ್ಷರು ವಯಸ್ಸಾದವರು, ಅವಸರವಿಲ್ಲದ ಮನುಷ್ಯ. ಎಲ್ಲ ಕೇಳಿಸಿಕೊಂಡು, ಓದಿ ನೋಡುವ ಎಂದರು.

ಭಾವ ಕನ್ನಡಕ ಇಳಿಸಿದರು. ಮೊದಲನೆಯದು ತೂಕದ ತುಂಡು, ವರ್ಷನ್ ಇಷ್ಟು, ಕಟ್ಟಿದ್ದು ಪುತ್ತೂರಿನ ಆಫೀಸಿನಲ್ಲಿ, ಮನೆ ಸವಣೂರಿನ ಇಂಥದ್ದು, ಇವಳದ್ದೇ, ಎಂದು ನನ್ನ ಕಡೆ ಕೈ ತೋರಿಸಿದರು. ಎದುರು ಕೂತಿದ್ದ ಒಬ್ಬರಿಗೆ ಸವಣೂರಿನ ಆ ಮನೆಯಲ್ಲಿ ಸಂಬಂಧ ಇತ್ತಂತೆ. ಕಣ್ಣು ಮುಚ್ಚಿದ್ದ ಇಬ್ಬರೂ ಎದ್ದರು. ಯಾರು, ಹೇಗೆ, ಯಾವ ಕಡೆಯಿಂದ ಎಂದು ಒಂದು ಸುತ್ತು ಮಾತಾಯಿತು, ಅದರಲ್ಲಿ ಎಲ್ಲರಿಗಿಂತ ಜಾಸ್ತಿ ಆಸಕ್ತಿ ಭಾವನಿಗೆ. ಎರಡನೆಯದು ಫ್ಯಾಟಿನ ತುಂಡು, ಅದೂ ಇವಳೇ ಕಟ್ಟಿದ್ದು, ಮನೆ ಮಾತ್ರ ಬೇರೆ. ಅದು ಯಾಕೆ ಬೇರೆ ಎಂದು ಅಧ್ಯಕ್ಷರು ಕೇಳಿದರು. ಗಂಡನ ಮನೆ ಎಂದೆ. ಈ ತುಂಡುಗಳಲ್ಲಿ ಏನೂ ಆಗಿಲ್ಲ, ಎರಡೂ ಸರಿ ಉಂಟು, ಎಂದು ಭಾವ ಸರ್ಟಿಫಿಕೇಟು ಕೊಟ್ಟರು. ನನಗೆ ಹೋದ ಜೀವ ಬಂತು.

"ಮೂರನೆಯದು ಚೀಟಿ ಮುದ್ರಿಸುವ ತುಂಡು. ಬಿದ್ದದ್ದು ಇದರೊಳಗೆ. ಪ್ರತಿ ಸಲ ಇದರೊಳಗೇ. ಇದನ್ನು ಕಟ್ಟಿದ್ದು..." ಎಂದವರು ಅಲ್ಲಿಗೆ ನಿಂತರು.

ನಾನು ಪಕ್ಕದಿಂದ ಬಗ್ಗಿ ನೋಡಿದೆ. ಕಟ್ಟಿದ್ದು ಪುತ್ತೂರಿನ ಆಫೀಸಿನಲ್ಲಿ ಅಲ್ಲ, ಕಬಕದಲ್ಲಿ. ವರ್ಷನ್ನಿನ ಜಾಗದಲ್ಲಿ ನಮ್ಮ ನಂಬರಿನ ಬಾಲಕ್ಕೆ ಇನ್ನೇನೋ ಅಂಟಿಸಿದ್ದರು. ಮನೆಯ ಸಾಲಿನಲ್ಲಿ, ದೊಡ್ಡ ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ, ಭಾವನ ಮನೆಯ ಹೆಸರು. ಅದರ ಕೆಳಗೆ, ಬೀಳುವ ಹೊತ್ತಿಗೆ ಮುದ್ರಿಸುತ್ತಿದ್ದ ಚೀಟಿಯಲ್ಲಿದ್ದ ಹೆಸರು ಅರ್ಧಕ್ಕೆ ತುಂಡಾಗಿ ನಿಂತಿತ್ತು. ಹೊಸದಾಗಿ ಸೇರಿದ ಸದಸ್ಯರೊಬ್ಬರದ್ದು, ಕುಂಟಾಲಮೂಲೆ ಮೇಲಿನ ಹೊಸಮನೆ ಎಂದು ಉದ್ದಕ್ಕೆ ಹೋಗುವ ಮನೆ ಹೆಸರು.

ಆಲೆಟ್ಟಿಗೆ ಒಂದು ಮದುವೆಗೆ ಬಂದಿದ್ದಾಗ ಭಾವ ಹಳೆಯ ಕಾರ್ಯದರ್ಶಿಯ ಮನೆಗೆ ಹೋಗಿದ್ದರೆಂದು ನನಗೆ ಆಗ ನೆನಪಾಯಿತು. ಚೀಟಿಯಲ್ಲಿ ಬರೀ ಹೆಸರು ಬರುತ್ತದೆ, ಊರಿನಲ್ಲಿ ಒಂದೇ ಹೆಸರಿನವರು ಎಷ್ಟೋ ಜನ, ಮನೆ ಹೆಸರು ಇಲ್ಲದೆ ಮರ್ಯಾದೆ ಎಲ್ಲಿ ಎಂದು ತಿರುಗಿ ಬಂದು ಆಫೀಸಿನಲ್ಲಿ ಹೇಳಿಯೂ ಇದ್ದರು. ಮನೆಯಲ್ಲೇ ಕೂತು ಚೀಟಿಯ ತುಂಡನ್ನು ತಿದ್ದಿ, ಮನೆ ಹೆಸರಿಗೆ ಜಾಗ ಮಾಡಿ, ಪೆನ್‌ಡ್ರೈವಿನಲ್ಲಿ ತಂದು ಹಾಕಿ ಹೋಗಿದ್ದರು ಎಂದು ನಮಗೆ ಯಾರಿಗೂ ಹೇಳಿರಲಿಲ್ಲ. ಅವರಿಗೂ ಮರೆತೇಹೋಗಿತ್ತು. ಕನ್ನಡದ ಅಕ್ಷರಕ್ಕೆ ಕಂಪ್ಯೂಟರಿನಲ್ಲಿ ಇಂಗ್ಲಿಷಿನ ಮೂರು ಪಾಲು ಜಾಗ ಬೇಕು, ಅವರು ಲೆಕ್ಕ ಹಾಕಿದ್ದು ಇಂಗ್ಲಿಷಿನ ಹಾಗೆ. ಗಿಡ್ಡ ಮನೆ ಹೆಸರಿನವರಿಗೆ ಸಾಕಾಯಿತು. ಕುಂಟಾಲಮೂಲೆಯವರು ಹಾಲು ತಂದ ದಿನದಿಂದ ಜಾಗ ಸಾಲದೆ ಪ್ರೋಗ್ರಾಮ್ ಸಾಯತೊಡಗಿತು. ಅವರು ಸದಸ್ಯರಾದದ್ದೂ ಹುಡುಗಿ ಕೆಲಸಕ್ಕೆ ಬಂದದ್ದೂ ಹೆಚ್ಚುಕಮ್ಮಿ ಒಟ್ಟಿಗೆ. ಪುತ್ತೂರಿನಲ್ಲಿ ಬೀಳದೆ ಇದ್ದದ್ದು ಯಾಕೆಂದರೆ ಅಲ್ಲಿದ್ದದ್ದು ಆಫೀಸಿನ ತುಂಡು, ಭಾವನದ್ದಲ್ಲ.

ಪರದೆ ನಮ್ಮ ಕಡೆಗಿತ್ತು, ಕೋಣೆಯಲ್ಲಿ ಬೇರೆ ಯಾರಿಗೂ ಅದು ಕಾಣುತ್ತಿರಲಿಲ್ಲ. ಭಾವ ಹಳೆಯ ವರ್ಷನ್ ಎಂದರೆ ಮುಗಿಯಿತು, ವೈರಸ್ ಎಂದರೆ ಮುಗಿಯಿತು, ಒತ್ತಿದ್ದು ತಪ್ಪಾಗಿದೆ ಎಂದರಂತೂ ಎಲ್ಲರೂ ತಲೆ ಆಡಿಸುತ್ತಿದ್ದರು. ಭಾವನ ಕಿವಿ ಕೆಂಪಾದದ್ದು ನನಗೆ ಕಾಣುತ್ತಿತ್ತು. ಹತ್ತು ಜನರ ಎದುರು ಸಣ್ಣವರಾಗುವುದು ಅವರಿಗೆ ಎಷ್ಟು ಕಷ್ಟ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಆ ಕ್ಷಣದಲ್ಲಿ ನನಗೆ ಸಿಟ್ಟೆಲ್ಲ ಹೋಗಿ ಅಯ್ಯೋ ಎನಿಸಿತು. ಹುಡುಗಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಭಾವನ ಬಾಯನ್ನೇ ನೋಡುತ್ತಿದ್ದಳು.

"ಎಂತ, ಮನೆ ಸಿಗ್ಲಿಲ್ವಾ?" ಎಂದರು ಅಧ್ಯಕ್ಷರು.

"ಸಿಕ್ಕಿತು," ಎಂದರು ಭಾವ. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡು ತಮ್ಮ ಮನೆಯ ಹೆಸರನ್ನು ಓದಿದರು. ಉಳಿದ ಎರಡು ಹೆಸರುಗಳನ್ನು ಓದಿದಷ್ಟೇ ದೊಡ್ಡ ಸ್ವರದಲ್ಲಿ, ಊರಿನ ಸಮೇತ. "ಇದು ನನ್ನ ಮನೆ. ಕಟ್ಟಿದ್ದು ನಾನು, ಹಾಕಿದ್ದು ನಾನು, ಯಾರಿಗೂ ಹೇಳದ್ದೂ ನಾನು. ಈ ಹುಡುಗಿಯ ಕೈಯಲ್ಲಿ ಎಂತ ದೋಷವೂ ಇಲ್ಲ. ಫೋನಿನಲ್ಲಿ ನಾನು ಹೇಳಿದ್ದು ತಪ್ಪು."

ಕಿಟಕಿಯ ಹತ್ತಿರ ನಿಂತಿದ್ದ ಕುಂಟಾಲಮೂಲೆಯ ಅಜ್ಜ ಗಂಟಲು ಸರಿ ಮಾಡಿಕೊಂಡು, ಹಾಗಾದರೆ ತಾನು ಮನೆ ಹೆಸರು ಕಮ್ಮಿ ಮಾಡಿಕೊಳ್ಳಬೇಕಾ ಎಂದು ಕೇಳಿದರು. ತಲೆ ತಗ್ಗಿಸಿ ಕೂತಿದ್ದ ಭಾವ ಗಾಬರಿಯಿಂದ ಎದ್ದು ನಿಂತು, ಛೆ ಛೆ, ಒಂದಕ್ಷರ ಬಿಡಬೇಡಿ, ಜಾಗ ನಾನು ಮಾಡಿಕೊಡ್ತೇನೆ ಎಂದರು. ಅಧ್ಯಕ್ಷರಿಗೆ ನಗು ತಡೆಯಲಿಲ್ಲ. ಅವರು ನಕ್ಕ ಮೇಲೆ ಕಮಿಟಿಯವರೂ ನಕ್ಕರು, ಭಾವನೂ ನಗಲು ನೋಡಿದರು, ಬರಲಿಲ್ಲ. ತೀರ್ಮಾನ ಮಾಡಲು ಈಗ ಎಂತದ್ದೂ ಇಲ್ಲ, ಕೆಲಸ ಅವಳದ್ದೇ ಎಂದು ಅಧ್ಯಕ್ಷರು ಹೇಳಿ, ಚಾ ತರಿಸಲು ಯಾರನ್ನೋ ಕಳಿಸಿದರು.

ಹುಡುಗಿ ನಗಲಿಲ್ಲ, ಅಳಲೂ ಇಲ್ಲ. ಗೋಡೆಗೆ ಒರಗಿಸಿಟ್ಟಿದ್ದ ಒಂದು ಕುರ್ಚಿಯನ್ನು ಎಳೆದು ತಂದು, ಕಮಿಟಿಯವರ ಸಾಲಿನಲ್ಲೇ ಇಟ್ಟು, ಅದರಲ್ಲಿ ಕೂತಳು. ಕೂತು, ಸೆರಗು ಸರಿಮಾಡಿಕೊಂಡು, ಭಾವನನ್ನು ನೋಡಿದಳು.

"ನಾಳೆ ಬೆಳಿಗ್ಗೆ ಆರಕ್ಕೆ ಹಾಲು ಬರ್ತದೆ. ನಿಮ್ಮ ಮನೆಯದ್ದನ್ನು ಇವತ್ತೇ ಕೊಂಡುಹೋಗ್ತೀರಲ್ಲಾ?"

ಒಂದು ಪ್ರಶ್ನೆಗೆ ಹತ್ತು ಮಾತು ಹೇಳುತ್ತಿದ್ದ ಮನುಷ್ಯ, ಆಯ್ತಮ್ಮ, ಎಂದಷ್ಟೇ ಹೇಳಿ ಪೆಟ್ಟಿಗೆಯ ಮುಂದೆ ಕೂತರು.